ಇದು ಯಾವ ವರ್ಷದ್ದು? ಫಾರ್ವರ್ಡ್ ಒತ್ತುವ ಮುಂಚೆ ಮಾಡಬೇಕಾದ ಕೆಲಸಗಳು

ನಮ್ಮ ಸಾಗರದ ಕಡೆ ಜುಲೈ ತಿಂಗಳಲ್ಲಿ ಸಂಜೆ ಏಳಾಯಿತೆಂದರೆ ಮನೆಮನೆಯಲ್ಲೂ ಒಂದೇ ಪ್ರಶ್ನೆ. ನಾಳೆ ರಜೆಯಾ? ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಕರೆಂಟ್ ಹೋಗಿರುತ್ತದೆ, ಎಲ್ಲರ ಕಣ್ಣೂ ಮೊಬೈಲ್ ಮೇಲೆ. ಜಿಲ್ಲಾಧಿಕಾರಿ ಆದೇಶ ಬಂತಾ, ತಹಶೀಲ್ದಾರ್ ಏನಾದರೂ ಹೇಳಿದರಾ, ಬಿಇಒ ಕಡೆಯಿಂದ ಮೆಸೇಜ್ ಬಿತ್ತಾ?

ಅಂಥದೇ ಒಂದು ಸಂಜೆ ನನಗೂ ಒಂದು ಆದೇಶದ ಫೋಟೊ ಬಂತು. ಲೆಟರ್‌ಹೆಡ್ ಇತ್ತು, ಸೀಲ್ ಇತ್ತು, ಹಸಿರು ಇಂಕಿನ ಸಹಿ ಇತ್ತು. ಫೋಟೊ ಸ್ವಲ್ಪ ಮಬ್ಬು. ನಾನು ಮೇಲಿನ ಎರಡು ಸಾಲು ಓದಿ ಮನೆಯವರ ಗ್ರೂಪಿಗೆ ತಳ್ಳಿದೆ. ಮರುದಿನ ಅಣ್ಣನ ಮಗ ಹೊದ್ದು ಮಲಗಿದ. ಶಾಲೆಯಲ್ಲಿ ಎಫ್‌ಎ ಪರೀಕ್ಷೆ ನಡೆಯಿತು. ಹನ್ನೊಂದು ಗಂಟೆಗೆ ಅತ್ತಿಗೆಯ ಫೋನು: "ಏನು ಮಾರಾಯಾ, ಪೇಪರಿನವನು ಕಳಿಸಿದ್ದಲ್ವಾ ಅಂತ ನಾನು ಕಣ್ಣುಮುಚ್ಚಿ ನಂಬಿದೆ!"

ಹೌದು, ನಾನು ಪೇಪರಿನವನು. ಹತ್ತಾರು ವರ್ಷ ಡೆಸ್ಕ್‌ನಲ್ಲಿ ಕೂತು ಪುಟ ಕಟ್ಟಿದವನು. ಊರಿನ ಜನ ಕಳಿಸುವ ಸುದ್ದಿಯಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆ ಫೋಟೊವನ್ನು ಮತ್ತೆ ತೆಗೆದು ನೋಡಿದೆ. ಆದೇಶದಲ್ಲಿ ರಜೆಯ ದಿನ ಮಂಗಳವಾರ ಅಂತ ಇತ್ತು. ಅಂದು ಗುರುವಾರ. ಹಿಂದಿನ ವರ್ಷದ ಆದೇಶ ಅದು. ಯಾರೋ ಇಸವಿ ಇರುವ ಮೂಲೆಯನ್ನು ಕತ್ತರಿಸಿ ಬಿಟ್ಟಿದ್ದರು, ಅಥವಾ ಫೋಟೊ ತೆಗೆದವರ ಹೆಬ್ಬೆರಳು ಅಡ್ಡ ಬಂದಿತ್ತು.

ಅವತ್ತಿನಿಂದ ಮೊಬೈಲಿಗೆ ಬಂದ ಸುದ್ದಿಯನ್ನು ಡೆಸ್ಕ್‌ನಲ್ಲಿ ನೋಡುವ ಹಾಗೇ ನೋಡುವುದನ್ನು ರೂಢಿ ಮಾಡಿಕೊಂಡೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಹೆಚ್ಚೆಂದರೆ ಹತ್ತು ನಿಮಿಷ.

ಶುರುವಿಗೆ: "ನಿಜವಾ, ಸುಳ್ಳಾ" ಅಂತ ಕೇಳಬೇಡಿ

ವಿಚಿತ್ರ ಅನ್ನಿಸಬಹುದು. ಆದರೆ ಆ ರಜೆ ಆದೇಶ ಸುಳ್ಳಾಗಿರಲಿಲ್ಲ. ಸೀಲು ನಿಜ, ಸಹಿ ನಿಜ, ಮಳೆಯೂ ನಿಜ. ದಿನ ಮಾತ್ರ ಬೇರೆ. ನಮ್ಮ ಕೈಗೆ ಬರುವ ಸುಳ್ಳುಗಳಲ್ಲಿ ಪೂರ್ತಿ ಕಟ್ಟಿದ ಸುಳ್ಳು ಕಡಿಮೆ. ಹಳೇ ಸರಕಿಗೆ ಹೊಸ ಚೀಟಿ ಅಂಟಿಸಿದ್ದೇ ಜಾಸ್ತಿ. ಅದಕ್ಕೇ ನೋಡಿದ ಕೂಡಲೇ "ನಿಜದ ಥರ ಇದೆ" ಅನ್ನಿಸುತ್ತದೆ, ಯಾಕೆಂದರೆ ಒಂದು ಕಾಲದಲ್ಲಿ ಎಲ್ಲೋ ಅದು ನಿಜವೇ ಆಗಿತ್ತು.

ಹಾಗಾಗಿ ಕೇಳಬೇಕಾದ್ದು ಮೂರು. ಯಾವಾಗಿನದು? ಎಲ್ಲಿಯದು? ಮೊದಲು ಹೇಳಿದವರು ಯಾರು?

ಈ ಮೂರನ್ನು ಕೇಳದೇ ಹೋದರೆ ಏನಾಗುತ್ತದೆ ಅನ್ನುವುದನ್ನು ಕರ್ನಾಟಕ 2018ರಲ್ಲಿ ಕಣ್ಣಾರೆ ನೋಡಿದೆ. ಆ ವರ್ಷ ಒಂದು ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಜೊತೆಗೆ ಕನ್ನಡದಲ್ಲಿ, ತೆಲುಗಿನಲ್ಲಿ ಆಡಿಯೊ: ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆ, ಹುಷಾರು. ಆ ವಿಡಿಯೊ ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಜಾಗೃತಿಗೆಂದು ಮಾಡಿಸಿದ ಕಿರುಚಿತ್ರ. ಮೂಲ ಚಿತ್ರದ ಕೊನೆಯಲ್ಲಿ ಆ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಮಕ್ಕಳನ್ನು ಎತ್ತಿಕೊಂಡು ಹೋಗುವುದು ಎಷ್ಟು ಸುಲಭ ಎಂದು ಬರೆದ ಬೋರ್ಡು ತೋರಿಸುತ್ತಾರೆ. ಯಾರೋ ಆ ಕೊನೆಯ ತುಂಡನ್ನು ಕತ್ತರಿಸಿದರು. ಅಷ್ಟೇ ಸಾಕಾಯಿತು.

ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆ ಕಡೆ, ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬ ಊರಿನಲ್ಲಿ ಮತ್ತೊಬ್ಬರು ಸತ್ತರು. ಹೈದರಾಬಾದಿನ ಎಂಜಿನಿಯರ್. ಸ್ನೇಹಿತರ ಜೊತೆ ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಯಿತು. ಕಾರು ಊರು ದಾಟುವ ಮೊದಲೇ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಮುಂದಿನ ಊರಿಗೆ ತಲುಪಿ ರಸ್ತೆಗೆ ಅಡ್ಡ ಕಟ್ಟಲಾಗಿತ್ತು. ಪೊಲೀಸರು 30ಕ್ಕೂ ಹೆಚ್ಚು ಜನರನ್ನು ಬಂಧಿಸಿದರು, ಅದರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ.

"ಇದು ಯಾವ ಊರು?" ಅಂತ ಒಬ್ಬರಾದರೂ ಆ ವಿಡಿಯೊ ನಿಲ್ಲಿಸಿ ನೋಡಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹೆಜ್ಜೆ 1: ಬಾಣ ನೋಡಿ

ವಾಟ್ಸ್ಆ್ಯಪ್‌ನಲ್ಲಿ ಮೆಸೇಜಿನ ಮೇಲೆ ಒಂದು ಬಾಣ ಇದ್ದರೆ ಅದು ಫಾರ್ವರ್ಡ್ ಆಗಿದ್ದು. ಎರಡು ಬಾಣ ಇದ್ದರೆ, ಕನಿಷ್ಠ ಐದು ಕೈ ದಾಟಿ ನಿಮ್ಮ ಹತ್ತಿರ ಬಂದಿದೆ ಎಂದರ್ಥ. 2018ರ ಆ ಸಾವುಗಳ ನಂತರವೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹಾಕಿದ್ದು. 2020ರಲ್ಲಿ ಎರಡು ಬಾಣದ ಮೆಸೇಜುಗಳಿಗೆ ಅದನ್ನು ಒಂದಕ್ಕೆ ಇಳಿಸಿತು.

ಎರಡು ಬಾಣ ಕಂಡರೆ ಒಂದು ಮಾತು ನೆನಪಿಡಿ. ಅದನ್ನು ಕಳಿಸಿದ ನಿಮ್ಮ ಭಾವ, ನಿಮ್ಮ ಮೇಷ್ಟ್ರು, ನಿಮ್ಮ ಡಾಕ್ಟರ್ ಇದ್ದಾರಲ್ಲ, ಅವರು ಅದನ್ನು ಬರೆದವರಲ್ಲ. ಅವರ ಮೇಲಿನ ನಂಬಿಕೆ ಆ ಮೆಸೇಜಿಗೆ ಸಲ್ಲಬೇಕಿಲ್ಲ. ನಮ್ಮತ್ತಿಗೆ ಎಡವಿದ್ದು ಅಲ್ಲೇ, ನನ್ನಿಂದಾಗಿ.

ಇನ್ನೊಂದು ಗುರುತು ನಿಮ್ಮ ಮೈಯಲ್ಲೇ ಇದೆ. ಓದಿದ ಕೂಡಲೇ ರಕ್ತ ಕುದಿಯಿತಾ? ಎದೆ ಡವಡವ ಅಂದಿತಾ? "ನಾನು ಹೇಳಿರಲಿಲ್ವಾ!" ಅಂತ ಖುಷಿ ಆಯಿತಾ? ಮೂರರಲ್ಲಿ ಯಾವುದಾದರೂ ಸರಿ, ಫೋನ್ ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬನ್ನಿ. ಮೂರನೆಯದೇ ಅಪಾಯ ಜಾಸ್ತಿ. ನಮಗೆ ಆಗದವರ ಬಗ್ಗೆ ಬಂದ ಸುದ್ದಿಯನ್ನು ನಾವು ಯಾವತ್ತೂ ಪರೀಕ್ಷೆ ಮಾಡುವುದಿಲ್ಲ.

ಹೆಜ್ಜೆ 2: ಫೋಟೊದ ಜಾತಕ ತೆಗೆಯುವುದು

ಫೋಟೊ ಬಂದಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ಗೂಗಲ್ ಆ್ಯಪ್ ತೆರೆಯಿರಿ. ಹುಡುಕುವ ಜಾಗದ ಪಕ್ಕದಲ್ಲಿ ಕ್ಯಾಮೆರಾ ಗುರುತು ಇರುತ್ತದೆ, ಅದೇ ಗೂಗಲ್ ಲೆನ್ಸ್. ಒತ್ತಿ, ಸ್ಕ್ರೀನ್‌ಶಾಟ್ ಆರಿಸಿ. ಅದೇ ಫೋಟೊ ಇಂಟರ್ನೆಟ್‌ನಲ್ಲಿ ಬೇರೆಲ್ಲಿ ಇದೆ ಅನ್ನುವುದನ್ನು ತೋರಿಸುತ್ತದೆ.

ಇಲ್ಲಿ ಜನ ಮಾಡುವ ತಪ್ಪು ಒಂದಿದೆ. ಫೋಟೊ ಮೇಲೆ ದಪ್ಪ ಅಕ್ಷರದಲ್ಲಿ ಏನೋ ಬರೆದಿರುತ್ತದಲ್ಲ, ಅದನ್ನೂ ಸೇರಿಸಿ ಹುಡುಕುತ್ತಾರೆ. ಆಗ ಗೂಗಲ್ ಬರಹವನ್ನೇ ಹುಡುಕಿಕೊಂಡು ಹೋಗುತ್ತದೆ. ಲೆನ್ಸ್‌ನಲ್ಲಿ ನಾಲ್ಕು ಮೂಲೆ ಎಳೆದು ಬರೀ ಚಿತ್ರದ ಭಾಗ ಉಳಿಸಿಕೊಳ್ಳಿ. ಬಂದ ಉತ್ತರಗಳಲ್ಲಿ ಮೊದಲನೆಯದನ್ನು ನೋಡಿ ನಿಲ್ಲಿಸಬೇಡಿ. ಎಲ್ಲಕ್ಕಿಂತ ಹಳೆಯದು ಯಾವುದು ಅಂತ ಹುಡುಕಿ. "ನಿನ್ನೆ ನಡೆದಿದ್ದು" ಅನ್ನುವ ಫೋಟೊ ನಾಲ್ಕು ವರ್ಷದ ಹಿಂದೆಯೇ ಬೇರೆ ರಾಜ್ಯದ ಪತ್ರಿಕೆಯಲ್ಲಿ ಕಂಡಿತು ಅಂದರೆ ಕೆಲಸ ಮುಗಿಯಿತು. ಗೂಗಲ್‌ನಲ್ಲಿ ಸಿಗದಿದ್ದರೆ ಟಿನ್‌ಐ, ಯಾಂಡೆಕ್ಸ್ ಅಂತ ಇನ್ನೆರಡು ಇವೆ. ಹೊರದೇಶದ ಫೋಟೊಗಳಿಗೆ ಯಾಂಡೆಕ್ಸ್ ಒಂದು ಕೈ ಮೇಲು ಅಂತ ನನ್ನ ಅನುಭವ.

ಎಲ್ಲೂ ಸಿಗಲಿಲ್ಲ ಅಂದರೆ? ಅದು ನಿಜ ಅಂತ ಅಲ್ಲ. ಸಿಗಲಿಲ್ಲ ಅಂತ ಅಷ್ಟೇ.

ಹೆಜ್ಜೆ 3: ವಿಡಿಯೊ ನಿಲ್ಲಿಸಿ ಬೋರ್ಡು ಓದಿ

ಇದು ನನಗೆ ಇಷ್ಟವಾದ ಭಾಗ. ಪತ್ತೇದಾರಿ ಕೆಲಸ.

ವಿಡಿಯೊವನ್ನು ಸುಮ್ನೆ ನೋಡುತ್ತಾ ಹೋದರೆ ಅದು ತೋರಿಸಿದ್ದನ್ನೇ ನೋಡುತ್ತೀರಿ. ನಿಲ್ಲಿಸಿ ನಿಲ್ಲಿಸಿ ಮೂಲೆಗಳನ್ನು ನೋಡಿ. ಅಂಗಡಿ ಬೋರ್ಡಿನ ಅಕ್ಷರ ಕನ್ನಡವಾ, ತೆಲುಗಾ? ಮಬ್ಬು ವಿಡಿಯೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ತೆಲುಗಿನ ತಲಕಟ್ಟು ರೈಟ್ ಮಾರ್ಕಿನ ಹಾಗೆ ಮೇಲಕ್ಕೆ ಚಿಮ್ಮಿರುತ್ತದೆ, ನಮ್ಮದು ಅಡ್ಡ ಮಲಗಿರುತ್ತದೆ. ಅಕ್ಷರಗಳು ತಿರುವುಮುರುವಾಗಿ ಕಂಡರೆ ಯಾರೋ ವಿಡಿಯೊವನ್ನು ಕನ್ನಡಿ ಬಿಂಬದಂತೆ ತಿರುಗಿಸಿದ್ದಾರೆ. ಹುಡುಕಿದರೆ ಸಿಗಬಾರದು ಅಂತಲೇ ಹಾಗೆ ಮಾಡುವುದುಂಟು.

ಗಾಡಿಗಳ ನಂಬರ್ ಪ್ಲೇಟ್ ನೋಡಿ. ಕೆಎ 14 ಶಿವಮೊಗ್ಗ, 15 ನಮ್ಮ ಸಾಗರ, 19 ಮಂಗಳೂರು, 38 ಬೀದರ್. "ಮಂಗಳೂರಿನಲ್ಲಿ ಗಲಾಟೆ" ಅನ್ನುವ ವಿಡಿಯೊದಲ್ಲಿ ನಿಂತ ಗಾಡಿಗಳೆಲ್ಲ ಎಂಎಚ್ ಅಂತಿದ್ದರೆ ಮಂಗಳೂರಿಗೆ ಏನು ಸಂಬಂಧ? ಒಂದು ಗಾಡಿ ಹೊರಗಿನದ್ದಿರಬಹುದು, ಹತ್ತಕ್ಕೆ ಹತ್ತೂ ಇರುವುದಿಲ್ಲ. ಪ್ಲೇಟು ಕಾಲವನ್ನೂ ಹೇಳುತ್ತದೆ. ತೆಲಂಗಾಣದ ಹೊಸ ಗಾಡಿಗಳಿಗೆ ಟಿಜಿ ಎಂಬ ಅಕ್ಷರ ಬಂದಿದ್ದು 2024ರ ಮಾರ್ಚ್‌ನಲ್ಲಿ, ಅದಕ್ಕೂ ಮೊದಲು ಟಿಎಸ್. ಹಾಗಾಗಿ ಟಿಜಿ ಪ್ಲೇಟ್ ಕಾಣುವ ವಿಡಿಯೊ 2022ರದ್ದು ಆಗಲಿಕ್ಕೆ ಸಾಧ್ಯವಿಲ್ಲ.

ಕಾಲ ಹೇಳುವ ಗುರುತುಗಳು ಇನ್ನೂ ಇವೆ. ಎಲ್ಲರ ಮುಖದಲ್ಲೂ ಮಾಸ್ಕ್ ಇದೆಯಾ? 2020, 21ರ ಆಸುಪಾಸಿನದ್ದಿರಬಹುದು. ಚುನಾವಣೆ ಬಂದಾಗ "ಇಂಥ ಪಕ್ಷದವರ ಮನೆಯಲ್ಲಿ ಸಿಕ್ಕ ಹಣ" ಅಂತ ಗುಲಾಬಿ ಬಣ್ಣದ ಎರಡು ಸಾವಿರದ ನೋಟಿನ ಕಟ್ಟುಗಳ ವಿಡಿಯೊ ಬರುತ್ತದೆ. ಆ ನೋಟನ್ನು ರಿಸರ್ವ್ ಬ್ಯಾಂಕ್ ವಾಪಸ್ ಪಡೆಯಲು ಶುರು ಮಾಡಿದ್ದೇ 2023ರ ಮೇನಲ್ಲಿ. ಈಗ ಯಾರು ಆ ನೋಟು ಹಂಚುತ್ತಾರೆ?

ನಮ್ಮ ಕಡೆಯದೇ ಒಂದು ಉದಾಹರಣೆ. ಪ್ರತಿ ಜೂನ್‌ನಲ್ಲೂ "ಇವತ್ತಿನ ಜೋಗ" ಅಂತ ಒಂದು ವಿಡಿಯೊ ಬರುತ್ತದೆ. ರಾಜಾ, ರಾಣಿ, ರೋರರ್, ರಾಕೆಟ್ ಎಲ್ಲ ಸೇರಿ ಒಂದೇ ಬಿಳಿ ಗೋಡೆ. ಬಂಡೆಯೇ ಕಾಣುವುದಿಲ್ಲ. ಬೆಂಗಳೂರಿನವರು ಅದನ್ನು ನೋಡಿ ಶನಿವಾರ ರಾತ್ರಿಯೇ ಕಾರು ಹತ್ತುತ್ತಾರೆ. ಇಲ್ಲಿಗೆ ಬಂದರೆ ನಾಲ್ಕು ಎಳೆ ನೀರು, ಉಳಿದದ್ದು ಮಂಜು. ಅಷ್ಟು ನೀರು ಬೀಳುವುದು ಸಾಮಾನ್ಯವಾಗಿ ಲಿಂಗನಮಕ್ಕಿಯ ಗೇಟು ತೆಗೆದಾಗ. ಆ ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ. ಮಳೆಗಾಲದಲ್ಲಿ ಅದರ ಇವತ್ತಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ. 1770 ಅಂತ ಇದ್ದರೆ ಆ ವಿಡಿಯೊ ಇವತ್ತಿನದಲ್ಲ. ವಿಡಿಯೊ ನಿಜವೇ, ಜೋಗವೂ ನಿಜವೇ. ಪೆಟ್ರೋಲ್ ಖರ್ಚು ಮಾತ್ರ ನಿಮ್ಮದು.

ಬೋರ್ಡು, ಪ್ಲೇಟು ಏನೂ ಕಾಣದಿದ್ದರೆ ಮೂರು ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಹೆಜ್ಜೆ 2ಕ್ಕೆ ಹೋಗಿ. ಬೆಂಗಳೂರಿನ ರಸ್ತೆ ಆಗಿದ್ದರೆ ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂನಲ್ಲಿ ಅದೇ ಕಟ್ಟಡ ಹುಡುಕಬಹುದು.

ಹೆಜ್ಜೆ 4: ಆದೇಶ, ಸುತ್ತೋಲೆ

ಇದು ಸಣ್ಣ ಕೆಲಸ. ದಿನಾಂಕ ನೋಡಿ. ದಿನಾಂಕಕ್ಕೆ ವಾರ ಹೊಂದುತ್ತಾ ಅಂತ ಕ್ಯಾಲೆಂಡರ್ ನೋಡಿ. ಪತ್ರದ ಸಂಖ್ಯೆ ಇದೆಯಾ, ಅದರ ಕೊನೆಯಲ್ಲಿ ಯಾವ ವರ್ಷ ಇದೆ ನೋಡಿ. ಆ ಅಧಿಕಾರಿ ಈಗಲೂ ಅದೇ ಜಾಗದಲ್ಲಿದ್ದಾರಾ? ವರ್ಗಾವಣೆ ಆಗಿ ವರ್ಷವಾದ ಜಿಲ್ಲಾಧಿಕಾರಿಯ ಸಹಿ ಇರುವ "ಇವತ್ತಿನ ಆದೇಶ" ಎಷ್ಟೋ ಸಲ ಸಿಗುತ್ತದೆ. ಆಮೇಲೆ ಆ ಕಚೇರಿಯ ಸ್ವಂತ ಪೇಜಿಗೆ ಹೋಗಿ, ಇಲ್ಲವೇ ಶಾಲೆಗೇ ಫೋನ್ ಮಾಡಿ. ನಾನು ಮಾಡಲಿಲ್ಲ, ನೀವು ಮಾಡಿ.

ದುಡ್ಡಿನ ವಿಷಯಕ್ಕೂ ಇದೇ ಸೂತ್ರ. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಅಂತ ಅಂಗಡಿಯವರು, ಕಂಡಕ್ಟರು ವಾಪಸ್ ಕೊಡುತ್ತಿದ್ದದ್ದು ನೆನಪಿದೆಯಾ? 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ 14 ವಿನ್ಯಾಸದ ಹತ್ತು ರೂಪಾಯಿ ನಾಣ್ಯಗಳಿವೆ, ಎಲ್ಲವೂ ಚಾಲ್ತಿಯಲ್ಲಿವೆ ಅಂತ ಹೇಳಿತು. ಆದರೂ ಪಾಪ, ಆ ನಾಣ್ಯ ಹುಂಡಿಗಷ್ಟೇ ಅನ್ನುವ ಹಾಗಾಗಿತ್ತು.

ಹೆಜ್ಜೆ 5: ಸುದ್ದಿಯ ಕ್ರಿಯಾಪದ ಹಿಡಿಯಿರಿ

ಇನ್ನು ಪತ್ರಿಕೆ, ಟಿವಿ. "ಪೇಪರಲ್ಲೇ ಬಂದಿದೆ", "ಟಿವಿಯಲ್ಲೇ ತೋರಿಸಿದರು" ಅನ್ನುವುದು ಕೊನೆ ಮಾತಲ್ಲ. 2016ರ ನವೆಂಬರ್‌ನಲ್ಲಿ ಹೊಸ ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ ಟಿವಿಯವರೂ ಹೇಳಿದ್ದರು. ಹಾಗಂತ ಎಲ್ಲ ಸುದ್ದಿ ಸುಳ್ಳು, ಎಲ್ಲರೂ ಮಾರಿಕೊಂಡವರು ಅಂತ ಕೈ ಕೊಡವಿಕೊಳ್ಳುವುದೂ ಸೋಮಾರಿತನವೇ. ಅದು ಬುದ್ಧಿವಂತಿಕೆಯ ವೇಷ ಹಾಕಿಕೊಂಡಿರುತ್ತದೆ ಅಷ್ಟೇ. ಮಳೆಯಲ್ಲಿ ನೆನೆದುಕೊಂಡು ಹೋಗಿ ಸೇತುವೆ ಮುರಿದದ್ದನ್ನು ನೋಡಿ ಬರೆಯುವ ತಾಲ್ಲೂಕು ವರದಿಗಾರನನ್ನೂ, ಸ್ಟುಡಿಯೊದಲ್ಲಿ ಕೂತು ಕಿರುಚುವವರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಬೇರೆ ಮಾಡುವುದು ಹೇಗೆ? ಕನ್ನಡ ಸುದ್ದಿಯಲ್ಲಿ ಒಂದು ಅನುಕೂಲ ಇದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ, ಗುಟ್ಟೂ ಅಲ್ಲೇ ಇರುತ್ತದೆ.

"ಎಂದು ತಹಶೀಲ್ದಾರ್ ಹೇಳಿದ್ದಾರೆ" ಅಂದರೆ ಹೇಳಿದವರು ಇದ್ದಾರೆ. ಬೇಕಾದರೆ ಹೋಗಿ ಕೇಳಬಹುದು. ನಾಳೆ ಅವರು ಇಲ್ಲ ಅಂದರೆ ಪತ್ರಿಕೆ ಉತ್ತರ ಕೊಡಬೇಕಾಗುತ್ತದೆ. "ತಿಳಿದುಬಂದಿದೆ" ಅಂದರೆ? ಯಾರಿಗೆ, ಯಾರಿಂದ? ಸ್ವಲ್ಪ ಅನುಮಾನ ಇರಲಿ. "ಬಲ್ಲ ಮೂಲಗಳ ಪ್ರಕಾರ" ಅಂದರೆ ವರದಿಗಾರನಿಗೆ ಹೆಸರು ಗೊತ್ತಿದೆ, ಬರೆಯುವ ಹಾಗಿಲ್ಲ. ಒಮ್ಮೊಮ್ಮೆ ದೊಡ್ಡ ಹಗರಣ ಹೊರಬರುವುದೇ ಹೀಗೆ, ಒಮ್ಮೊಮ್ಮೆ ಯಾರದೋ ಆಟಕ್ಕೆ ವರದಿಗಾರ ದಾಳವಾಗುವುದೂ ಹೀಗೇ. ಇನ್ನು "ಎನ್ನಲಾಗಿದೆ", "ಹೇಳಲಾಗುತ್ತಿದೆ" ಇವೆಯಲ್ಲ, ಇವು ನಮ್ಮ ಡೆಸ್ಕಿನ ಕೊಡೆಗಳು. ಮಳೆ ಬಂದರೆ ಒದ್ದೆಯಾಗಬಾರದು ಅಂತ ಬಿಚ್ಚಿಕೊಳ್ಳುವುದು. ಅಂದವರು ಯಾರೂ ಇಲ್ಲ.

ಒಂದು ವಾಕ್ಯ ನೋಡಿ. "ಮಕ್ಕಳ ಸಂಖ್ಯೆ ಕಡಿಮೆ ಇರುವ ಸರ್ಕಾರಿ ಶಾಲೆಯನ್ನು ಮುಚ್ಚಲು ನಿರ್ಧರಿಸಲಾಗಿದೆ ಎನ್ನಲಾಗಿದೆ." ಓದಲು ಗಂಭೀರವಾಗಿದೆ. ಆದರೆ ನಿರ್ಧರಿಸಿದವರೂ ಇಲ್ಲ, ಹೇಳಿದವರೂ ಇಲ್ಲ. ಎರಡು "ಲಾಗಿದೆ"ಗಳ ನಡುವೆ ಒಂದು ಶಾಲೆ ಮಾಯವಾಗಿದೆ. ಇಂಥ ವಾಕ್ಯಕ್ಕೆ ನಾನೂ ಶೀರ್ಷಿಕೆ ಕೊಟ್ಟಿದ್ದೇನೆ, ಮುಚ್ಚಿಡುವುದೇನಿದೆ.

ಆದರೆ ಅಪರಾಧದ ಸುದ್ದಿಯಲ್ಲಿ "ಆರೋಪಿಸಲಾಗಿದೆ", "ಆರೋಪಿ" ಅಂತಿದ್ದರೆ ಅದನ್ನು ನುಣುಚಿಕೊಳ್ಳುವ ಮಾತು ಅಂದುಕೊಳ್ಳಬೇಡಿ. ಅದೇ ಸರಿಯಾದ ಬರವಣಿಗೆ. ಕೋರ್ಟ್ ತೀರ್ಪು ಕೊಡುವವರೆಗೆ ಆರೋಪಿ, ಆಮೇಲೆ ಅಪರಾಧಿ. ಬಂಧನವಾದ ದಿನವೇ "ಪಾಪಿ", "ಕಿರಾತಕ" ಅಂತ ಬರೆಯುವ ಕಡೆಯೇ ಹುಷಾರಾಗಿರಬೇಕು.

ಶೀರ್ಷಿಕೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಉತ್ತರ ಅವರ ಹತ್ತಿರವೂ ಇಲ್ಲ. ಇದ್ದಿದ್ದರೆ ಪ್ರಶ್ನೆ ಯಾಕೆ ಹಾಕುತ್ತಿದ್ದರು?

ಇನ್ನೊಂದು ವಿಷಯ. "ಮೂರು ಪತ್ರಿಕೆಯಲ್ಲಿ ಬಂದಿದೆ" ಅಂದರೆ ಮೂರು ಸಾಕ್ಷಿ ಅಂತಲ್ಲ. ಸುದ್ದಿಯ ಶುರುವಿನಲ್ಲೋ ಕೊನೆಯಲ್ಲೋ ಪಿಟಿಐ ಅಂತ ಇದೆಯಾ ನೋಡಿ. ಮೂರಕ್ಕೂ ಅದೇ ಸುದ್ದಿಸಂಸ್ಥೆಯ ಕಾಪಿ ಬಂದಿದ್ದರೆ ಮೂಲ ಒಂದೇ. ಇದಕ್ಕಿಂತ ಕೆಟ್ಟದ್ದು ಸುತ್ತು ಹೊಡೆಯುವ ಸುದ್ದಿ. ಯಾರೋ ಪೋಸ್ಟ್ ಹಾಕುತ್ತಾರೆ, ವೆಬ್‌ಸೈಟ್ "ವೈರಲ್ ಆಗಿದೆ" ಅಂತ ಬರೆಯುತ್ತದೆ, ಟಿವಿಯವರು ಆ ವೆಬ್‌ಸೈಟ್ ನೋಡಿ ಪರದೆ ಮೇಲೆ ದಪ್ಪ ಅಕ್ಷರದ ಪ್ಲೇಟ್ ಹಾಕುತ್ತಾರೆ, ಆಮೇಲೆ ಆ ಪೋಸ್ಟ್ ಹಾಕಿದವನೇ "ನೋಡಿ, ಟಿವಿಯಲ್ಲೂ ಬಂತು" ಅನ್ನುತ್ತಾನೆ. ಊರಿನ ಹೆಸರು, ವರದಿಗಾರನ ಹೆಸರು, ಹೋಗಿ ನೋಡಿದ ಗುರುತು ಯಾವುದೂ ಇಲ್ಲದ ಸುದ್ದಿ ಬಹುಪಾಲು ಹೀಗೇ ಹುಟ್ಟಿದ್ದು.

ಟಿವಿಯ ಬ್ರೇಕಿಂಗ್ ಪ್ಲೇಟಿನ ಸ್ಕ್ರೀನ್‌ಶಾಟ್ ಬಂದರೆ ಅಕ್ಷರದ ಶೈಲಿ ನೋಡಿ, ಕಾಗುಣಿತ ನೋಡಿ. ಆಮೇಲೆ ಆ ಚಾನೆಲ್ಲಿನ ಸ್ವಂತ ಪೇಜಿನಲ್ಲಿ ಆ ಸುದ್ದಿ ಇದೆಯಾ ಹುಡುಕಿ. ಲೋಗೊ ಅಂಟಿಸುವುದು ಈಗ ಮಕ್ಕಳ ಆಟ. ಪತ್ರಿಕೆಯಲ್ಲಿ ಯಾವುದೋ ಆಸ್ಪತ್ರೆಯನ್ನೋ ನಾಯಕರನ್ನೋ ಇಡೀ ಪುಟ ಹೊಗಳಿದ್ದರೆ, ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "ಜಾಹೀರಾತು" ಅಂತ ಇರುತ್ತದೆ, ಹುಡುಕಿ ನೋಡಿ.

ಬೇಕಾದರೆ ಮೂಲಕ್ಕೇ ಹೋಗಿ

ಆ ಶಾಲೆಯ ವಿಷಯಕ್ಕೆ ವಾಪಸ್ ಬರೋಣ. ನಿಮ್ಮೂರ ಶಾಲೆ ಮುಚ್ಚುತ್ತಾರಂತೆ ಅಂತ ಸುದ್ದಿ ಇದೆ. "ಅಂತೆ"ಯ ಮೇಲೆ ಎಷ್ಟು ದಿನ ಜಗಳ ಆಡುತ್ತೀರಿ? ಬಿಇಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 2005ರ ಕಾಯ್ದೆ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದನ್ನು ಮರೆತು ಎರಡು ಪುಟದ ಗೋಳು ಬರೆದರೆ ಅರ್ಜಿಯನ್ನೇ ಪಕ್ಕಕ್ಕಿಡುತ್ತಾರೆ. "ಶಾಲೆ ಮುಚ್ಚುವ ಅಥವಾ ವಿಲೀನ ಮಾಡುವ ಕುರಿತು ಈ ವರ್ಷ ಬಂದ ಆದೇಶ, ಸುತ್ತೋಲೆ, ಟಿಪ್ಪಣಿಗಳ ಪ್ರತಿ ಕೊಡಿ" ಅಂತ ಕೇಳಿ. "ಯಾಕೆ ಮುಚ್ಚುತ್ತೀರಿ" ಅಂತ ಕೇಳಬೇಡಿ. ಅವರು ಕೊಡಬೇಕಾದ್ದು ಕಾಗದ, ಕಾರಣ ಅಲ್ಲ. 30 ದಿನದೊಳಗೆ ಉತ್ತರ ಬರಬೇಕು. ಕಾಗದ ಕೈಗೆ ಬಂದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಟ್ಟು ಮಾತಾಡಬಹುದು.

ಹೆಜ್ಜೆ 6: ಮುಖವೂ ನಂಬುವ ಹಾಗಿಲ್ಲ

2023ರ ನವೆಂಬರ್‌ನಲ್ಲಿ ವಿರಾಜಪೇಟೆಯ ಹುಡುಗಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೆ ಯುವತಿಯ ವಿಡಿಯೊಗೆ ಅಂಟಿಸಿದ್ದು ದೇಶವೆಲ್ಲ ಸುದ್ದಿಯಾಯಿತು. ಮುಂದಿನ ತಿಂಗಳೇ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು, ತಾವು ಯಾವುದೋ ಟ್ರೇಡಿಂಗ್ ಆ್ಯಪ್ ಹೊಗಳುವಂತಿರುವ ವಿಡಿಯೊಗಳು ನಕಲಿ ಎಂದು ಎಚ್ಚರಿಸಬೇಕಾಯಿತು.

ತುಟಿ ಹೊಂದುತ್ತಾ, ಕಣ್ಣು ಮಿಟುಕಿಸುತ್ತಾ ಅಂತ ನೋಡಲು ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ತಂತ್ರಜ್ಞಾನ ವರ್ಷ ವರ್ಷ ಚೆನ್ನಾಗುತ್ತಿದೆ, ನಮ್ಮ ಕಣ್ಣು ಆಗುತ್ತಿಲ್ಲ. ಮತ್ತದೇ ಮೂರನೇ ಪ್ರಶ್ನೆ ಕೇಳಿ: ಮೊದಲು ಹಾಕಿದವರು ಯಾರು? ಮೂರ್ತಿಯವರು ನಿಜಕ್ಕೂ ಹಾಗೆ ಹೇಳಿದ್ದರೆ ಅದು ಅವರದೇ ಖಾತೆಯಲ್ಲಿ, ದೊಡ್ಡ ಪತ್ರಿಕೆಗಳಲ್ಲಿ ಇರುತ್ತಿತ್ತು. ಮಗನ ದನಿಯಲ್ಲಿ "ಅಮ್ಮಾ, ಆ್ಯಕ್ಸಿಡೆಂಟ್ ಆಗಿದೆ, ದುಡ್ಡು ಹಾಕು" ಅಂತ ಫೋನ್ ಬಂದರೆ ಕಟ್ ಮಾಡಿ, ಮಗನ ನಂಬರಿಗೆ ನೀವೇ ಫೋನ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.

ಯಾರನ್ನು ಕೇಳುವುದು, ಎಲ್ಲಿ ದೂರುವುದು

ನೀವೇ ಹುಡುಕಿ ಸಾಕಾಯಿತಾ? ಆ ಸುದ್ದಿಯ ಎರಡು ಮೂರು ಮುಖ್ಯ ಪದ ಟೈಪ್ ಮಾಡಿ, ಮುಂದೆ "ಫ್ಯಾಕ್ಟ್ ಚೆಕ್" ಅಂತ ಸೇರಿಸಿ ಹುಡುಕಿ. ಆಲ್ಟ್ ನ್ಯೂಸ್, ಬೂಮ್, ಫ್ಯಾಕ್ಟ್‌ಲಿ ಈ ಕೆಲಸದಲ್ಲಿ ಹಳಬರು. ಕನ್ನಡದಲ್ಲಿ ನ್ಯೂಸ್‌ಚೆಕರ್, ನ್ಯೂಸ್‌ಮೀಟರ್ ಬರೆಯುತ್ತವೆ. ಅವರು ಹೇಳಿದ್ದಕ್ಕಿಂತ ಹೇಗೆ ಕಂಡುಹಿಡಿದರು ಅನ್ನುವುದನ್ನು ಓದಿ. ದಾರಿ ತೋರಿಸದೆ ಬರೀ "ಸುಳ್ಳು" ಅಂತ ಮುದ್ರೆ ಒತ್ತಿದರೆ ಅದನ್ನೂ ನಂಬಬೇಡಿ.

ಕೇಂದ್ರ ಸರ್ಕಾರದ ಯೋಜನೆಗಳ ಬಗ್ಗೆ ಆ ಸರ್ಕಾರದ್ದೇ ವಾರ್ತಾ ಸಂಸ್ಥೆಯಾದ ಪಿಐಬಿಯ ಫ್ಯಾಕ್ಟ್ ಚೆಕ್ ಇದೆ. "ಎಲ್ಲರಿಗೂ ಉಚಿತ ಲ್ಯಾಪ್‌ಟಾಪ್" ಅನ್ನುವಂಥ ಲಿಂಕುಗಳಿಗೆ ಅದು ಉಪಯೋಗ. ಆದರೆ ಸರ್ಕಾರದ ಮೇಲೆ ಟೀಕೆ ಬಂದಾಗ ಅದು ಸರ್ಕಾರದ ಹೇಳಿಕೆ ಅಂತಲೇ ಓದಿ. ಸರ್ಕಾರದ ಬಗೆಗಿನ ಸುದ್ದಿಯಲ್ಲಿ ಯಾವುದು ಸುಳ್ಳು ಎಂದು ಸರ್ಕಾರದ ಘಟಕವೇ ಹೇಳುವಂತೆ ಮಾಡಿದ್ದ 2023ರ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಯಾವ ಪಕ್ಷದ ಸರ್ಕಾರವಾದರೂ ಆ ಮುದ್ರೆ ಅದರ ಕೈಗೆ ಹೋಗಬಾರದು ಅನ್ನುವುದು ನನ್ನ ನಿಲುವು.

ಪತ್ರಿಕೆಯಲ್ಲಿ ತಪ್ಪು ಬಂದರೆ ಮೊದಲು ಸಂಪಾದಕರಿಗೆ ಬರೆಯಿರಿ. ಬೈಗುಳ ಬೇಡ. ಯಾವ ದಿನ, ಯಾವ ಪುಟ, ತಪ್ಪು ಏನು, ಸರಿ ಏನು, ದಾಖಲೆ ಯಾವುದು. ನಾಲ್ಕು ಸಾಲು ಸಾಕು. ಅಂಥ ಪತ್ರ ಬಂದರೆ ಡೆಸ್ಕಿನಲ್ಲಿ ನಿಜಕ್ಕೂ ಬೆವರುತ್ತೇವೆ. ಉತ್ತರ ಬರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ. ಮಂಡಳಿ ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಇಲ್ಲ. ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಟಿವಿಗೆ ಎನ್‌ಬಿಡಿಎಸ್‌ಎ ಅಂತ ಚಾನೆಲ್ಲುಗಳೇ ಮಾಡಿಕೊಂಡ ವ್ಯವಸ್ಥೆ ಇದೆ. ಪ್ರಸಾರವಾದ 7 ದಿನದೊಳಗೆ ಮೊದಲು ಚಾನೆಲ್ಲಿಗೇ ಬರೆಯಬೇಕು. ಸದಸ್ಯರಲ್ಲದ ಚಾನೆಲ್ಲಿಗೆ ಅದು ಅನ್ವಯಿಸುವುದಿಲ್ಲ. ಚುನಾವಣೆ ಹೊತ್ತಲ್ಲಿ ನೀತಿಸಂಹಿತೆ ಉಲ್ಲಂಘನೆ ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್‌ನಲ್ಲಿ ಫೋಟೊ ಸಮೇತ ಹಾಕಿ.

ಮನೆಯ ಗ್ರೂಪಿನಲ್ಲಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ದೊಡ್ಡಪ್ಪ ಹಾಕಿದ ಸುಳ್ಳನ್ನು ಐವತ್ತು ಜನರ ಮುಂದೆ "ಸುಳ್ಳು" ಅಂದರೆ ಅವರು ಸುಳ್ಳು ಬಿಡುವುದಿಲ್ಲ, ನಿಮ್ಮನ್ನು ಬಿಡುತ್ತಾರೆ. ಬೇರೆಯಾಗಿ ಮೆಸೇಜ್ ಮಾಡಿ. "ದೊಡ್ಡಪ್ಪಾ, ಇದು 2019ರ ಫೋಟೊ ಅಂತೆ, ಇಲ್ಲಿ ನೋಡಿ" ಅಂತ ಲಿಂಕ್ ಕೊಡಿ. ಅವರೇ ಅಳಿಸಿದರೆ ಅವರ ಮರ್ಯಾದೆಯೂ ಉಳಿಯಿತು. ಆದರೆ ಯಾರದೋ ಮೇಲೆ ಜನ ಕೈಮಾಡುವಂಥ ಮೆಸೇಜ್ ಆಗಿದ್ದರೆ ಮುಲಾಜು ಬೇಡ. ಗ್ರೂಪಿನಲ್ಲೇ ಹೇಳಿ, ಆಗಲೇ ಹೇಳಿ, ತುರ್ತು ಸಂಖ್ಯೆ 112ಕ್ಕೂ ಫೋನ್ ಮಾಡಿ.

ನೀವೇ ತಪ್ಪು ಕಳಿಸಿದ್ದರೆ ಎರಡು ದಿನದೊಳಗೆ "ಎಲ್ಲರಿಗೂ ಅಳಿಸು" ಒತ್ತಬಹುದು. ಅಷ್ಟಕ್ಕೇ ಬಿಡಬೇಡಿ. ಅಳಿಸಿದ್ದನ್ನು ನೋಡಿದವರಿಗೆ ಅದು ತಪ್ಪು ಅಂತ ಗೊತ್ತಾಗುವುದಿಲ್ಲ. "ನಾನು ನಿನ್ನೆ ಕಳಿಸಿದ್ದು ಹಳೆಯದು, ನನ್ನದೇ ತಪ್ಪು" ಅಂತ ಒಂದು ಸಾಲು ಬರೆಯಿರಿ.

ನಾನೂ ಬರೆದೆ. ಅಣ್ಣನ ಮಗ ನಗುವ ಇಮೋಜಿ ಹಾಕಿದ, ಆ ಎಫ್‌ಎ ಪರೀಕ್ಷೆಯನ್ನು ಮೇಷ್ಟ್ರು ಇನ್ನೊಂದು ದಿನ ಕೂರಿಸಿ ಬರೆಸಿದರು. ಅತ್ತಿಗೆ ಏನೂ ಹೇಳಲಿಲ್ಲ. ಆದರೆ ಈಗ ಮಳೆ ಜೋರಾದ ಸಂಜೆ ಅವರಿಗೆ ಯಾವ ಆದೇಶ ಬಂದರೂ ಮೊದಲು ನನಗೆ ಕಳಿಸುತ್ತಾರೆ, ಕೆಳಗೆ ಒಂದೇ ಸಾಲು: "ಇದು ಯಾವ ವರ್ಷದ್ದು ನೋಡು."